ಬೆಲೆ ಇರುವಲ್ಲೇ ಕೈವಾಡ

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಅಂಗಡಿಗಳ ಷಟರ್ ಇಳಿದಿರುತ್ತದೆ, ಫುಟ್‌ಪಾತೇ ಅಂಗಡಿಯಾಗಿರುತ್ತದೆ. ನಿಂತುಹೋದ ಗಡಿಯಾರ, ಹಳೇ ಕ್ಯಾಮೆರಾ, ಹಿತ್ತಾಳೆ ಸೌಟು, ಚಾರ್ಜರುಗಳ ರಾಶಿಯ ನಡುವೆ ಯಾರೋ ಒಬ್ಬರು ಪ್ಲಾಸ್ಟಿಕ್ ಆಲ್ಬಂ ಬಿಚ್ಚಿಟ್ಟು ಕೂತಿರುತ್ತಾರೆ. ಒಂದೊಂದು ಹಾಳೆಯ ಜೇಬಿನಲ್ಲೂ ಹಳೇ ನೋಟು. ‘ನೋಡಿ ಸಾರ್, ನೋಡೋಕೆ ದುಡ್ಡಿಲ್ಲ’ ಎಂಬ ಕರೆಗೆ ಬಗ್ಗಿದವರು ಬರಿಗೈಯಲ್ಲಿ ಏಳುವುದು ಕಡಿಮೆ.

ಹಲವು ವರ್ಷಗಳ ಹಿಂದೆ ಹಾಗೆ ಬಗ್ಗಿದ ನಾನು ಹತ್ತು ರೂಪಾಯಿಯ ಆರನೇ ಜಾರ್ಜ್ ನೋಟೊಂದನ್ನು ಕೊಂಡೆ. ಬಿಳಿ ಜಾಗದಲ್ಲಿ ಮೇಲೆ ಇಂಗ್ಲಿಷಿನಲ್ಲಿ, ಕೆಳಗೆ ಉರ್ದುವಿನಲ್ಲಿ ‘ಪಾಕಿಸ್ತಾನ ಸರ್ಕಾರ’ ಎಂದು ಅಚ್ಚಾಗಿತ್ತು. ಮನೆಗೆ ಬಂದು ಭೂತಗನ್ನಡಿ ಹಿಡಿದಾಗ ಗೊತ್ತಾಯಿತು: ಆ ಅಕ್ಷರಗಳ ಶಾಯಿ ನೋಟಿನ ಮಡಿಕೆಯ ಗೀರಿನೊಳಕ್ಕೆ ಇಳಿದಿತ್ತು. ನೋಟು ಮಡಿಸಿ, ಜೇಬಿನಲ್ಲಿ ಸವೆದು, ಎಷ್ಟೋ ಕಾಲವಾದ ಮೇಲೆ ಯಾರೋ ಅಕ್ಷರ ಒತ್ತಿದ್ದರು. ಕಾಗದ ಅಸಲಿ, ವಾಟರ್‌ಮಾರ್ಕ್ ಅಸಲಿ, ಸಹಿ ಅಸಲಿ. ನಾನು ದುಡ್ಡು ಕೊಟ್ಟಿದ್ದ ಎರಡು ಸಾಲು ಮಾತ್ರ ನಕಲಿ.

ಸಂತೆಯ ಹಳೇ ನೋಟಿನ ಮೋಸವನ್ನು ಅರಿಯಲು ಈ ಒಂದು ಪ್ರಸಂಗ ಸಾಕು. ಚಲಾವಣೆಗೆ ಬಿಡುವ ಖೋಟಾ ನೋಟು ಯಾರ ಕಣ್ಣಿಗೂ ಬೀಳಬಾರದು, ಹತ್ತರಲ್ಲಿ ಹನ್ನೊಂದಾಗಿ ಕೈದಾಟಬೇಕು. ಸಂಗ್ರಾಹಕನಿಗೆಂದು ತಯಾರಾದದ್ದು ಕಣ್ಣಿಗೆ ಬೀಳಲೇಬೇಕು, ಹತ್ತರಲ್ಲಿ ಒಂದು ಎನ್ನಿಸಬೇಕು. ಹಾಗಾಗಿ ಇಲ್ಲಿ ಇಡೀ ನೋಟನ್ನು ಸೃಷ್ಟಿಸುವ ಶ್ರಮ ಎಷ್ಟೋ ಸಲ ಬೇಕೇ ಇಲ್ಲ. ಮಾಮೂಲಿ ನೋಟಿಗೂ ಅಪರೂಪದ ನೋಟಿಗೂ ನಡುವಿನ ವ್ಯತ್ಯಾಸ ಒಂದು ಮೊಹರು, ಒಂದು ಅಂಕಿ, ಒಂದು ನಕ್ಷತ್ರ, ಕೆಲವೊಮ್ಮೆ ಬರೀ ಗರಿಗರಿತನ. ಅದನ್ನು ಕೂಡಿಸಿದರೆ ಅಥವಾ ಅಳಿಸಿದರೆ ಆಯಿತು. ಬ್ಯಾಂಕುಗಳ ಭಿತ್ತಿಪತ್ರ ಹೇಳುವ ವಾಟರ್‌ಮಾರ್ಕ್, ದಾರದ ಪರೀಕ್ಷೆಯಲ್ಲಿ ಇಂಥ ನೋಟು ಸಲೀಸಾಗಿ ಪಾಸಾಗುತ್ತದೆ. ಕೊಳ್ಳುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಇದು ಅಸಲಿಯೇ?’ ಎಂಬುದಲ್ಲ, ‘ಇದಕ್ಕೆ ಈ ಬೆಲೆ ಯಾತಕ್ಕೆ?’ ಎಂಬುದು. ಉತ್ತರ ನೋಟಿನ ಯಾವ ಮೂಲೆಯನ್ನು ತೋರಿಸುತ್ತದೋ ಭೂತಗನ್ನಡಿ ಮೊದಲು ಅಲ್ಲಿಗೆ ಹೋಗಬೇಕು.

ಇಡೀ ನೋಟೇ ನಕಲಾದಾಗ

ಪೂರ್ತಿ ನಕಲು ಹೆಚ್ಚಾಗಿ ಎರಡು ಕಡೆ ಕಾಣಿಸುತ್ತದೆ: ಬಹಳ ಹಳೆಯ, ಬಹಳ ದುಬಾರಿಯ ನೋಟುಗಳಲ್ಲಿ ಮತ್ತು ಮೂಲದಲ್ಲೇ ತೀರಾ ಸರಳವಾಗಿ ಅಚ್ಚಾದ ಚೀಟಿಗಳಲ್ಲಿ.

1861ರ ಕಾಗದದ ಹಣದ ಕಾಯ್ದೆಯಿಂದ ನೋಟು ಹೊರಡಿಸುವ ಹಕ್ಕು ಪ್ರೆಸಿಡೆನ್ಸಿ ಬ್ಯಾಂಕುಗಳ ಕೈತಪ್ಪಿ ಸರ್ಕಾರಕ್ಕೆ ಬಂತು. ವಿಕ್ಟೋರಿಯಾ ರಾಣಿಯ ಚಿತ್ರವಿದ್ದ ಮೊದಲ ಸರಣಿಗೆ ಖೋಟಾದ ಕಾಟ ಹತ್ತಿದ್ದರಿಂದ 1867ರಲ್ಲಿ ಅದನ್ನು ಕೈಬಿಟ್ಟು, ಒಂದೇ ಬದಿ ಅಚ್ಚಾದ, ಹಿನ್ನೆಲೆಯಲ್ಲಿ ಬಣ್ಣದ ವಿನ್ಯಾಸವಿರುವ ನೋಟುಗಳನ್ನು ತಂದರು. ಅಂದರೆ ನಮ್ಮ ನೋಟಿನ ರೂಪ ಬದಲಾದ ಚರಿತ್ರೆಯೇ ಒಂದು ರೀತಿಯಲ್ಲಿ ಖೋಟಾದ ಚರಿತ್ರೆ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ನಮ್ಮ ನೋಟಿನ ಒಳ್ಳೇ ನಕಲು ತಯಾರಿಸತೊಡಗಿದಾಗ ವಾಟರ್‌ಮಾರ್ಕಿನಲ್ಲಿ ಪಕ್ಕಕ್ಕೆ ತಿರುಗಿದ್ದ ಆರನೇ ಜಾರ್ಜ್ ನೇರ ಮುಖದವನಾದ. ಭದ್ರತಾ ದಾರ ನಮ್ಮ ನೋಟಿನೊಳಗೆ ಸೇರಿದ್ದೂ ಆ ಕಾಲದಲ್ಲೇ. ಇದರಿಂದ ನಮಗೆ ಒಂದು ಪಾಠವಿದೆ. ಐದನೇ ಜಾರ್ಜ್ ನೋಟಿನಲ್ಲಿ ದಾರ ಹುಡುಕುವುದು ದಡ್ಡತನ. ಅಲ್ಲಿ ದಾರ ಸಿಕ್ಕಿದರೆ ಅದೇ ಅನುಮಾನಕ್ಕೆ ಕಾರಣ. ಯಾವ ಕಾಲಕ್ಕೆ ಯಾವ ಗುರುತು ಎಂಬ ಲೆಕ್ಕ ತಲೆಯಲ್ಲಿರಬೇಕು.

ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದಾಗ ಹೊರಟ ಒಂದು ರೂಪಾಯಿಯ ನೋಟು, ಎರಡು ರೂಪಾಯಿ ಎಂಟಾಣೆಯ ನೋಟು ಎಂದರೆ ಸಂಗ್ರಾಹಕರ ಬಾಯಲ್ಲಿ ನೀರೂರುತ್ತದೆ. ಚಹಾ ನೀರಿನಲ್ಲಿ ಅದ್ದಿ, ಅಂಚು ಸುಟ್ಟು ‘ವಯಸ್ಸು’ ಬರಿಸಿದ ಇವುಗಳ ಬಣ್ಣದ ಜೆರಾಕ್ಸ್‌ಗಳೂ ಸಂತೆಗೆ ಬರುತ್ತವೆ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಹಿಡಿದರೆ ಇವು ಅರ್ಧ ನಿಮಿಷ ನಿಲ್ಲುವುದಿಲ್ಲ. ಆ ಕಾಲದ ಮುದ್ರಣದಲ್ಲಿ ಗೆರೆ ಎಂದರೆ ಗೆರೆ, ಒಂದೇ ಬಣ್ಣದ ಗಟ್ಟಿ ಶಾಯಿ. ಜೆರಾಕ್ಸಿನಲ್ಲಿ, ಇಂಕ್‌ಜೆಟ್ ಪ್ರತಿಯಲ್ಲಿ ಅದೇ ಗೆರೆ ನೀಲಿ, ಕೆಂಪು, ಹಳದಿ ಚುಕ್ಕೆಗಳಾಗಿ ಒಡೆಯುತ್ತದೆ. ಚಹಾದ ಕಲೆ ಎಲ್ಲ ಕಡೆ ಒಂದೇ ಸಮ ಹರಡುತ್ತದೆ. ನಿಜವಾದ ಕೊಳೆ ಬೆರಳು ತಾಗುವಲ್ಲಿ, ಮಡಿಕೆಯ ಏಣಿನ ಮೇಲೆ, ಮೂಲೆಗಳಲ್ಲಿ ಹೆಚ್ಚು ಕೂರುತ್ತದೆ.

ಇನ್ನೊಂದು ಬಗೆ ಹೆಚ್ಚು ಕಷ್ಟದ್ದು. 1943ರಿಂದ 1946ರವರೆಗೆ ಚಿಲ್ಲರೆಯ ಅಭಾವಕ್ಕೆ ಗೊಂಡಲ್, ಜುನಾಗಢ, ಮೋರ್ವಿ, ನವಾನಗರ, ಬೂಂದಿ, ಸೈಲಾನಾದಂಥ ಸಂಸ್ಥಾನಗಳು ಕ್ಯಾಶ್ ಕೂಪನ್ ಹೊರಡಿಸಿದವು. ಯುದ್ಧಕೈದಿಗಳ ಶಿಬಿರಗಳಲ್ಲೂ ಇಂಥ ಕೂಪನ್ ಓಡಾಡಿದವು. ಇವುಗಳಲ್ಲಿ ಬಹುಪಾಲು ರಟ್ಟಿನ ತುಂಡಿನ ಮೇಲೆ ಸಾಧಾರಣ ಅಚ್ಚು. ವಾಟರ್‌ಮಾರ್ಕ್ ಇಲ್ಲ, ದಾರ ಇಲ್ಲ. ಮೊಳೆ ಜೋಡಿಸುವ ಹಳೇ ಪ್ರೆಸ್ಸು, ಹಳೇ ಲೆಕ್ಕದ ಪುಸ್ತಕದ ಖಾಲಿ ರಟ್ಟು ಇದ್ದವನಿಗೆ ಇದು ಎಡಗೈ ಕೆಲಸ. ಇಂಥ ಕೂಪನ್ನುಗಳನ್ನು ಫುಟ್‌ಪಾತಿನಲ್ಲಿ ನಿಂತು ತೀರ್ಮಾನ ಮಾಡಲು ಹೋಗದಿರುವುದೇ ಲೇಸು. ಒಂದೇ ಕೂಪನ್ನಿನ ಹತ್ತು ಹೊಸಾ ಪ್ರತಿಗಳನ್ನು ಒಬ್ಬನೇ ವ್ಯಾಪಾರಿ ಹರಡಿ ಕೂತಿದ್ದರೆ ದೂರದಿಂದಲೇ ಕೈಮುಗಿಯಿರಿ.

ಕನ್ನಡಿಗರಿಗೆ ಇಲ್ಲಿ ಒಂದು ಅನುಕೂಲವಿದೆ. 1918ರ ಕಾಯ್ದೆಯ ನಂತರ ಹೊರಟ ಹೈದರಾಬಾದ್ ನಿಜಾಮರ ನೋಟುಗಳಲ್ಲಿ ಉರ್ದು, ಮರಾಠಿ, ತೆಲುಗಿನ ಜೊತೆ ಕನ್ನಡದಲ್ಲೂ ಮೊತ್ತ ಅಚ್ಚಾಗಿದೆ; ಕಲಬುರಗಿ, ರಾಯಚೂರು, ಬೀದರಿನವರ ಅಜ್ಜಂದಿರು ಸಂತೆಗೆ ಒಯ್ಯುತ್ತಿದ್ದ ಹಣ ಅದು. ನಕಲು ಪ್ರತಿಗಳಲ್ಲಿ ಮೊದಲು ಕಲಸಿಹೋಗುವುದು ಇಂಥ ಸಣ್ಣ ಅಕ್ಷರಗಳೇ. ಒತ್ತಕ್ಷರ ಕಾಲು ಮುರಿದುಕೊಂಡಿರುತ್ತದೆ, ಕೊಂಬು ಕರಗಿ ಸೊನ್ನೆಯಾಗಿರುತ್ತದೆ. ಬೇರೆಯವರಿಗೆ ಬರೀ ಚಿತ್ತಾರವಾಗಿ ಕಾಣುವ ಸಾಲನ್ನು ನಾವು ಓದಬಲ್ಲೆವು. ಆ ಕಣ್ಣನ್ನು ಬಳಸಿಕೊಳ್ಳಬೇಕು.

ಮೇಲೊತ್ತಿದ ಅಕ್ಷರಗಳು

ಅಸಲಿ ನೋಟಿನ ಮೇಲೆ ನಕಲಿ ಅಚ್ಚು ಒತ್ತುವ ವಿದ್ಯೆಗೆ ಚರಿತ್ರೆಯೇ ಅವಕಾಶ ಮಾಡಿಕೊಟ್ಟಿದೆ. 1937ರಲ್ಲಿ ಬರ್ಮಾ ಬೇರೆಯಾದಾಗ ಭಾರತದ ನೋಟುಗಳ ಮೇಲೆ ‘ಬರ್ಮಾದಲ್ಲಿ ಮಾತ್ರ ಚಲಾವಣೆ’ ಎಂಬ ಸಾಲು ಬಿತ್ತು. 1945ರಲ್ಲಿ ಅಲ್ಲಿನ ಸೇನಾಡಳಿತದ ಹೆಸರು ಕೆಂಪಕ್ಷರದಲ್ಲಿ ಬಂತು, 1947ರಲ್ಲಿ ಬರ್ಮಾ ಕರೆನ್ಸಿ ಬೋರ್ಡಿನ ಹೆಸರು. ದೇಶ ಒಡೆದ ಮೇಲೆ ಪಾಕಿಸ್ತಾನಕ್ಕೆ ತನ್ನದೇ ನೋಟು ಸಿದ್ಧವಾಗುವವರೆಗೆ, 1948ರ ಏಪ್ರಿಲ್‌ನಿಂದ, ನಮ್ಮ ನೋಟೇ ಆ ಸರ್ಕಾರದ ಹೆಸರು ಹೊತ್ತು ಅಲ್ಲಿ ನಡೆಯಿತು. ಇವೆಲ್ಲದರ ಅಡಿಯಲ್ಲಿರುವುದು ಕೈಗೆಟಕುವ ಬೆಲೆಯ ಮಾಮೂಲಿ ಜಾರ್ಜ್ ನೋಟು. ಒಂದು ಸಾಲು ಒತ್ತಿದರೆ ಬೆಲೆ ಎಷ್ಟೋ ಪಟ್ಟು ಏರುತ್ತದೆ.

ಪರೀಕ್ಷೆ ಮೂರು. ಮೊದಲನೆಯದು ನಾನು ತಡವಾಗಿ ಕಲಿತದ್ದು: ಈ ಅಕ್ಷರ ಬಿದ್ದದ್ದು ಮುದ್ರಣಾಲಯದಲ್ಲಿ, ನೋಟು ಜನರ ಕೈಗೆ ಬರುವ ಮುಂಚೆ. ಹಾಗಾಗಿ ಮಡಿಕೆ ಬಿದ್ದಲ್ಲಿ ಅಕ್ಷರವೂ ಸವೆದು ಒಡೆದಿರಬೇಕು. ಕೊಳೆ ಶಾಯಿಯ ಮೇಲೆ ಕೂತಿರಬೇಕೇ ಹೊರತು ಶಾಯಿ ಕೊಳೆಯ ಮೇಲೆ ಕೂರಬಾರದು. ಎರಡನೆಯದು ಶಾಯಿಯ ಅಂಚು. ರಬ್ಬರ್ ಮೊಹರಿನ ಶಾಯಿ ಕಾಗದದ ನಾರು ಹಿಡಿದು ಹಬ್ಬುತ್ತದೆ, ಅಕ್ಷರದ ಅಂಚು ರೋಮರೋಮವಾಗುತ್ತದೆ. ಪ್ರೆಸ್ಸಿನ ಅಚ್ಚು ಕಡಿದಿಟ್ಟ ಹಾಗಿರುತ್ತದೆ. ಮೂರನೆಯದು ಸೀರಿಯಲ್ ನಂಬರಿನ ಮುಂದಿನ ಅಕ್ಷರಗಳು ಮತ್ತು ಸಹಿ. ಇಂಥ ನೋಟು ಇಂಥ ಸರಣಿಯಲ್ಲಿ, ಇಂಥವರ ಸಹಿಯಲ್ಲಿ ಬಂತು ಎಂಬ ಪಟ್ಟಿ ಕ್ಯಾಟಲಾಗಿನಲ್ಲಿದೆ. ಮೇಲೊತ್ತಿದವನು ಕೈಗೆ ಸಿಕ್ಕ ನೋಟಿನ ಮೇಲೆ ಒತ್ತಿರುತ್ತಾನೆ, ಪಟ್ಟಿ ನೋಡಿ ಆರಿಸಿರುವುದಿಲ್ಲ. ರಿಸರ್ವ್ ಬ್ಯಾಂಕಿನ ಮೊದಲ ಗವರ್ನರ್ ಆಸ್ಬರ್ನ್ ಸ್ಮಿತ್ ಒಂದು ನೋಟಿಗೂ ಸಹಿ ಹಾಕಲಿಲ್ಲ. 1938ರಲ್ಲಿ ಹೊರಟ ಬ್ಯಾಂಕಿನ ಮೊದಲ ನೋಟಿನಲ್ಲಿರುವುದು ಜೇಮ್ಸ್ ಟೇಲರ್ ಸಹಿ. ‘ಮೊಟ್ಟಮೊದಲ ಗವರ್ನರ್ ಸೈನು’ ಎಂದು ಯಾರಾದರೂ ಕೊಂಡಾಡಿದರೆ ನಕ್ಕು ಮುಂದೆ ಹೋಗಬಹುದು.

ನಿಜವಾದ ರಬ್ಬರ್ ಮೊಹರೇ ಬೆಲೆ ತರುವ ಸಂದರ್ಭವೂ ಒಂದಿದೆ. ಗಡಿದಾಟಿ ಬಂದ ಪಾಕಿಸ್ತಾನಿ ಗುರುತಿನ ನೋಟುಗಳ ಮೇಲೆ ಇಲ್ಲಿ ‘ಪಾಕಿಸ್ತಾನದ ನೋಟು, ಹಣ ಕೊಡಲಾಗದು’ ಎಂಬರ್ಥದ ಇಂಗ್ಲಿಷ್ ಮೊಹರು ಒತ್ತಿ ವಾಪಸು ಮಾಡುತ್ತಿದ್ದರು. ಮೊಹರನ್ನು ಯಾರು ಬೇಕಾದರೂ ಮಾಡಿಸಬಹುದಾದ್ದರಿಂದ, ಎಲ್ಲಿಂದ ಬಂತು ಎಂಬ ಜಾಡು ಗೊತ್ತಿಲ್ಲದ ಇಂಥ ನೋಟಿಗೆ ಹೆಚ್ಚು ಬೆಲೆ ಕೊಡಬಾರದು.

1959ರಲ್ಲಿ ಕೊಲ್ಲಿ ದೇಶಗಳಿಗೆ, ಹಜ್ ಯಾತ್ರಿಕರಿಗೆ ಎಂದೇ ಬೇರೆಯಾಗಿ ಹೊರಟ ಕೊಲ್ಲಿ ರೂಪಾಯಿ ಮತ್ತು ಹಜ್ ನೋಟುಗಳ ಆಸೆ ಇನ್ನೂ ದೊಡ್ಡದು. ಲಂಡನ್ನಿನ ಹರಾಜೊಂದರಲ್ಲಿ ನೂರು ರೂಪಾಯಿಯ ಹಜ್ ನೋಟು 56 ಲಕ್ಷ ರೂಪಾಯಿಗೂ ಮೀರಿ ಹೋದ ಸುದ್ದಿ ಫೋನಿನಿಂದ ಫೋನಿಗೆ ಹಾರಿದ ಮೇಲೆ, ಅಜ್ಜಿಯ ಟ್ರಂಕಿನಲ್ಲಿದ್ದ ನೂರರ ನೋಟುಗಳೆಲ್ಲ ಹಜ್ ನೋಟುಗಳೇ ಆಗಿಬಿಟ್ಟವು! ಇಲ್ಲಿ ಗುರುತು ಒಂದಲ್ಲ, ಕೂಡಿಯೇ ಇರಬೇಕಾದ ಹಲವು: ಹಜ್ ನೋಟಿಗೆ ‘ಎಚ್‌ಎ’ ಪೂರ್ವಾಕ್ಷರ, ಹಜ್ ಎಂಬ ಅಚ್ಚು, ಮಾಮೂಲಿಗಿಂತ ಬೇರೆ ಬಣ್ಣ, ಕೊಲ್ಲಿ ನೋಟಿಗೆ ‘ಝಡ್’ ಪೂರ್ವಾಕ್ಷರ ಮತ್ತು ಅದರದೇ ಬಣ್ಣ. ಒಂದು ಕೂಡಿಬಂದು ಇನ್ನೊಂದು ಕೈಕೊಟ್ಟರೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ಅಂಕಿ ಮತ್ತು ನಕ್ಷತ್ರ

ಈಗಿನ ನೋಟಿನ ಸಂತೆಯಲ್ಲಿ ಹೆಚ್ಚು ಬಿಕರಿಯಾಗುವುದು ನಂಬರ್. 786, ಬರೀ ಏಳುಗಳ ಸಾಲು, ಹುಟ್ಟಿದ ತಾರೀಕು, ಮೊದಲ ನಂಬರ್. 8ನ್ನು ಕೆರೆದು 3 ಮಾಡಬಹುದು, 1ಕ್ಕೆ ತಲೆಗೀರು ಎಳೆದು 7 ಮಾಡಬಹುದು. 1996ರಲ್ಲಿ ಆರಂಭವಾದ ಮಹಾತ್ಮ ಗಾಂಧಿ ಸರಣಿಯ ನೋಟುಗಳಲ್ಲಿ ನಂಬರ್ ಹೊಳೆಯುವ ಶಾಯಿಯಲ್ಲಿದೆ. ಯುವಿ ಟಾರ್ಚ್ ಬಿಟ್ಟಾಗ ಆರು ಅಂಕಿಯಲ್ಲಿ ಐದು ಬೆಳಗಿ ಒಂದು ಕಪ್ಪಗೆ ಕೂತರೆ ಸಾಕ್ಷಿ ಅಲ್ಲೇ ಸಿಕ್ಕಿತು. ಕೆರೆದ ಜಾಗದಲ್ಲಿ ಕಾಗದದ ನಾರು ಎದ್ದಿರುತ್ತದೆ. ಟಾರ್ಚನ್ನು ಮೇಲಿನಿಂದ ಹಿಡಿಯದೆ ಪಕ್ಕದಿಂದ ಮಲಗಿಸಿ ಹಿಡಿದರೆ ನೆರಳು ಅದನ್ನು ತೋರಿಸುತ್ತದೆ. 2015ರಿಂದೀಚೆ ಅಂಕಿಗಳು ಎಡದಿಂದ ಬಲಕ್ಕೆ ದೊಡ್ಡದಾಗುತ್ತಾ ಹೋಗುವ ಏರ್ಪಾಡು ಬಂದು, ಒಂದು ಅಂಕಿ ಬದಲಿಸಿದರೆ ಅಳತೆ ತಪ್ಪುವ ಹಾಗಾಗಿದೆ.

ಸ್ಟಾರ್ ನೋಟಿನ ಕಥೆ ತಮಾಷೆಯದು. ಅಚ್ಚಿನಲ್ಲಿ ಕೆಟ್ಟ ನೋಟಿನ ಬದಲಿಗೆ ನಂಬರಿನ ನಡುವೆ ನಕ್ಷತ್ರವಿರುವ ನೋಟು ಸೇರಿಸುವ ಪದ್ಧತಿ 2006ರಲ್ಲಿ ಹತ್ತು, ಇಪ್ಪತ್ತು, ಐವತ್ತರ ನೋಟುಗಳಿಂದ ಶುರುವಾಯಿತು. ಒಂದು ಕಡೆ ‘ನಕ್ಷತ್ರ ಇದ್ದರೆ ಖೋಟಾ’ ಎಂಬ ಗಾಳಿಸುದ್ದಿ ಹಬ್ಬಿ, 2023ರ ಜುಲೈನಲ್ಲಿ ರಿಸರ್ವ್ ಬ್ಯಾಂಕೇ ಅದನ್ನು ಅಲ್ಲಗಳೆಯಬೇಕಾಯಿತು. ಇನ್ನೊಂದು ಕಡೆ ಅದೇ ನಕ್ಷತ್ರಕ್ಕೆ ಹೆಚ್ಚು ಹಣ ಕೇಳುವವರು. ಎರಡಕ್ಕೂ ಕಿವಿಗೊಡದೆ ನಕ್ಷತ್ರದ ಶಾಯಿಯೂ ಪಕ್ಕದ ಅಂಕಿಯ ಶಾಯಿಯೂ ಒಂದೇ ಹೊಳಪಿನವೇ ಎಂದಷ್ಟೇ ನೋಡಿದರೆ ಸಾಕು.

ತಪ್ಪು ಅಚ್ಚು ಎಂಬ ಮಾಯೆ

ನಾಸಿಕ್, ದೇವಾಸ್, ಸಾಲ್ಬೋನಿಯ ಜೊತೆ ನಮ್ಮ ಮೈಸೂರಿನಲ್ಲೂ ನೋಟು ಅಚ್ಚಾಗುತ್ತದೆ. ನೋಟಿನ ಕಾಗದವೂ ಮೈಸೂರಿನಲ್ಲಿ ತಯಾರಾಗುತ್ತದೆ. ಇಷ್ಟು ಕಡೆ ಇಷ್ಟು ಅಚ್ಚಾಗುವಾಗ ನಂಬರ್ ಬೀಳದ, ಅಂಚಿನಲ್ಲಿ ಕಾಗದ ಮಡಿಚಿಕೊಂಡ ನೋಟು ಎಲ್ಲೋ ಒಂದು ತಪಾಸಣೆ ದಾಟಿ ಹೊರಬರುವುದುಂಟು. ಸಂಗ್ರಾಹಕರು ‘ಎರರ್’ ಎಂದು ಕರೆಯುವ ಇದಕ್ಕೆ ಒಳ್ಳೇ ಬೆಲೆ. ಮನೆಯಲ್ಲೇ ‘ಎರರ್’ ತಯಾರಿಸುವುದೂ ಅಷ್ಟೇ ಸುಲಭ. ರಾಸಾಯನಿಕ ತಾಗಿಸಿದರೆ ಒಂದು ಬಣ್ಣ ಮಾಯ, ಕಿಟಕಿಯ ಬಿಸಿಲಿಗೆ ಬಿಟ್ಟರೆ ಇನ್ನೊಂದು ಬಣ್ಣ ಮಂಕು, ರಬ್ಬರ್ ಉಜ್ಜಿದರೆ ನಂಬರ್ ಇಲ್ಲ.

ಇದನ್ನು ಹಿಡಿಯಲು ನೋಟು ಹೇಗೆ ಅಚ್ಚಾಗುತ್ತದೆ ಎಂಬುದು ಗೊತ್ತಿದ್ದರೆ ಸಾಕು. ಹಿನ್ನೆಲೆಯ ಬಣ್ಣ ಮೊದಲು ಚಪ್ಪಟೆಯಾಗಿ ಬೀಳುತ್ತದೆ. ಚಿತ್ರ ಮತ್ತು ಮುಖ್ಯ ಅಕ್ಷರಗಳನ್ನು ಭಾರೀ ಒತ್ತಡದಲ್ಲಿ ಉಬ್ಬುಮುದ್ರಣ ಮಾಡುತ್ತಾರೆ. ನಂಬರ್ ಬೀಳುವುದು ಕೊನೆಗೆ. ಉಬ್ಬುಮುದ್ರಣ ಆಗಲೇ ಇಲ್ಲ ಎನ್ನುವ ನೋಟಿನ ಮೇಲೆ ಬೆರಳಾಡಿಸಿದಾಗ ಉಬ್ಬು ತಾಗಿದರೆ ಒತ್ತಡ ಬಿದ್ದಿತ್ತು, ಶಾಯಿಯನ್ನು ಆಮೇಲೆ ಯಾರೋ ತೆಗೆದರು ಎಂದರ್ಥ. ನಂಬರ್ ಇಲ್ಲದ ನೋಟಿನ ಹಿಂಬದಿಯಲ್ಲಿ ಅಂಕಿಯ ತಗ್ಗು ಕಂಡರೂ ಅದೇ ಕಥೆ. ಬಣ್ಣ ಬಿಟ್ಟ ಗೆರೆ ನಿಂತಲ್ಲಿ ಕಡಿದ ಹಾಗೆ ನಿಂತಿದೆಯೋ, ಕರಗಿದ ಹಾಗೆ ಮಾಸುತ್ತಾ ಹೋಗಿದೆಯೋ ಎಂಬುದನ್ನೂ ನೋಡಬೇಕು. ಯಂತ್ರದ ತಪ್ಪಿಗೆ ಅಂಚು ಇರುತ್ತದೆ, ದ್ರಾವಣದ ಕೆಲಸಕ್ಕೆ ಇರುವುದಿಲ್ಲ.

ಹೊಸದಾದ ಹಳೇ ನೋಟು

ಅತಿ ಹೆಚ್ಚು ಹಣ ಕಳೆಯುವುದು ಸ್ಥಿತಿಯ ಮೋಸದಲ್ಲಿ. ಮಡಿಕೆಯಿಲ್ಲದ ಗರಿ ನೋಟಿಗೂ ನಾಲ್ಕು ಮಡಿಕೆಯ ನೋಟಿಗೂ ಬೆಲೆಯಲ್ಲಿ ಅಜಗಜಾಂತರ. ಹಾಗಾಗಿ ನೋಟನ್ನು ತೊಳೆಯುತ್ತಾರೆ, ಇಸ್ತ್ರಿ ಹಾಕುತ್ತಾರೆ, ಗಂಜಿ ಕೊಡುತ್ತಾರೆ, ಸವೆದ ಅಂಚು ಕತ್ತರಿಸುತ್ತಾರೆ, ತೂತಿಗೆ ಕಾಗದದ ತಿರುಳು ತುಂಬುತ್ತಾರೆ. ಇಸ್ತ್ರಿ ಮಡಿಕೆಯನ್ನು ಚಪ್ಪಟೆ ಮಾಡಬಹುದು, ಮುರಿದ ನಾರನ್ನು ಕೂಡಿಸಲಾರದು. ಬೆಳಕಿಗೆ ಅಡ್ಡ ಹಿಡಿದರೆ ಗೆರೆ ಕಾಣುತ್ತದೆ. ಅದೇ ಶಾಖಕ್ಕೆ ಉಬ್ಬುಮುದ್ರಣವೂ ತಗ್ಗಿ, ನೋಟು ಸತ್ತ ಹಾಗೆ ನುಣ್ಣಗಾಗುತ್ತದೆ. ಅಂಚು ಕತ್ತರಿಸಿದ್ದನ್ನು ಒಂದು ಸ್ಕೇಲ್ ಹಿಡಿದುಹಾಕುತ್ತದೆ.

ಪಿನ್ನಿನ ತೂತಿನ ಬಗ್ಗೆ ಹೊಸಬರು ಸುಮ್ಮನೆ ಮುಖ ಸಿಂಡರಿಸುತ್ತಾರೆ. 2001ರಲ್ಲಿ ರಿಸರ್ವ್ ಬ್ಯಾಂಕ್ ಬೇಡ ಎನ್ನುವವರೆಗೂ ನಮ್ಮ ಬ್ಯಾಂಕುಗಳು ನೋಟಿನ ಕಂತೆಗೆ ಸ್ಟೇಪಲ್ ಹೊಡೆಯುತ್ತಿದ್ದವು. ಕಂತೆಯಿಂದ ನೇರ ಬಂದ ಎಪ್ಪತ್ತರ ದಶಕದ ಗರಿ ನೋಟಿನಲ್ಲಿ ಎರಡು ತೂತು ಇರುವುದೇ ಸಹಜ. ತೂತೇ ಇಲ್ಲದಿದ್ದರೆ ಅಪರೂಪದ ಅದೃಷ್ಟ, ಇಲ್ಲವೇ ಯಾರದೋ ಕೈಚಳಕ. ಹಾಗೆಯೇ ಒಂದೇ ಬದಿ ಅಚ್ಚಾದ ಹಳೇ ನೋಟುಗಳನ್ನು ಕಳ್ಳರ ಭಯಕ್ಕೆ ಎರಡು ತುಂಡು ಮಾಡಿ ಬೇರೆ ಬೇರೆ ಅಂಚೆಯಲ್ಲಿ ಕಳಿಸುತ್ತಿದ್ದರು. ನಡುವೆ ಅಂಟಿಸಿದ ಗುರುತು ಅಲ್ಲಿ ದೋಷವಲ್ಲ. ಎರಡು ಅರ್ಧಗಳ ನಂಬರ್ ಒಂದೇ ಆಗಿದೆಯೇ ಎಂಬುದು ಮುಖ್ಯ.

ಕೈಯಲ್ಲೇನಿರಬೇಕು, ಯಾವುದನ್ನು ಎಷ್ಟು ನಂಬಬೇಕು

ಹತ್ತು ಪಟ್ಟಿನ ಲೂಪ್, ಸಣ್ಣ ಟಾರ್ಚ್, ಯುವಿ ಟಾರ್ಚ್, ಮಿಲಿಮೀಟರಿನ ಸ್ಕೇಲ್. ಇಷ್ಟೂ ಅಂಗಿಯ ಜೇಬಿನಲ್ಲಿ ಹಿಡಿಯುತ್ತದೆ. ನೋಟನ್ನು ಪ್ಲಾಸ್ಟಿಕ್‌ನಿಂದ ಹೊರತೆಗೆದು ತೋರಿಸಲು ಒಪ್ಪದವರ ಹತ್ತಿರ ಕೊಳ್ಳುವುದು ಬೇಡ. ಪ್ಲಾಸ್ಟಿಕ್ ಮುಚ್ಚಿಡುವುದು ಉಬ್ಬು ಮತ್ತು ಅಂಚು, ನಮಗೆ ಬೇಕಾದದ್ದೂ ಅವೇ.

ಯುವಿ ಬೆಳಕಿನ ಬಗ್ಗೆ ಒಂದು ಪಂಥವಿದೆ. ನೀಲಿಯಾಗಿ ಹೊಳೆದರೆ ಈಚಿನ ಕಾಗದ, ಆದ್ದರಿಂದ ನಕಲಿ ಎಂಬುದು ಅದರ ವಾದ. ಬಟ್ಟೆಯ ನಾರಿನಿಂದಾದ ಹಳೇ ನೋಟಿನ ಕಾಗದ ಹೊಳೆಯುವುದಿಲ್ಲ, ಬಿಳುಪಿನ ರಾಸಾಯನಿಕ ಬೆರೆತ ಈಗಿನ ಕಾಗದ ಹೊಳೆಯುತ್ತದೆ ಎಂಬುದು ಸರಿಯೇ. ಆದರೆ ಸೋಪಿನ ಪುಡಿಯಲ್ಲಿ ತೊಳೆದ ಅಸಲಿ ನೋಟೂ ಹೊಳೆಯುತ್ತದೆ, ಅಂಗಿಯ ಜೇಬಿನಲ್ಲಿ ಒಗೆತಕ್ಕೆ ಬಿದ್ದದ್ದೂ ಹೊಳೆಯುತ್ತದೆ. ಹೊಳಪು ಕಂಡರೆ ಏನೋ ನಡೆದಿದೆ ಎಂದಷ್ಟೇ ತಿಳಿಯಬೇಕು, ಏನು ನಡೆದಿದೆ ಎಂಬುದನ್ನು ಲೂಪ್ ಹೇಳಬೇಕು.

ಶ್ರೇಣಿ ಕೊಟ್ಟು ಗಟ್ಟಿ ಕವಚದಲ್ಲಿ ಮುಚ್ಚುವ ಪಿಎಂಜಿಯಂಥ ಸಂಸ್ಥೆಗಳು ಬಂದ ಮೇಲೆ ಕೆಲವರು ಬರೀ ಕವಚ ನೋಡಿ ಕೊಳ್ಳುತ್ತಾರೆ. ಕವಚಕ್ಕೂ ನಕಲಿದೆ. ಅದರ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ದಾಖಲೆಯಲ್ಲಿ ಹುಡುಕಿ, ಅಲ್ಲಿನ ಚಿತ್ರದ ನಂಬರೂ ಕೈಯಲ್ಲಿರುವ ನಂಬರೂ ಒಂದೇ ಎಂದು ನೋಡುವುದು ಎರಡು ನಿಮಿಷದ ಕೆಲಸ. ಕಣ್ಣು ಪಳಗಿಸಲು ಬೆಂಗಳೂರಿಗರಿಗೆ ಇನ್ನೂ ಒಳ್ಳೇ ದಾರಿಯಿದೆ. ಕಿಶೋರ್ ಝುನ್‌ಝುನ್‌ವಾಲಾ ಜೊತೆ ಭಾರತದ ನೋಟುಗಳ ಪ್ರಮಾಣ ಕ್ಯಾಟಲಾಗ್ ತಂದ ರೆಜ್ವಾನ್ ರಜಾಕ್ ತಮ್ಮ ಸಂಗ್ರಹವನ್ನೇ 2020ರಲ್ಲಿ ಇಲ್ಲಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಅಸಲಿಯನ್ನು ನೂರು ಸಲ ನೋಡಿದ ಕಣ್ಣಿಗೆ ನಕಲಿ ತಾನಾಗಿ ಚುಚ್ಚುತ್ತದೆ.

ಕಾನೂನಿನ ಮಾತು ಮೂರು. ಚಲಾವಣೆಯಲ್ಲಿರುವ ನೋಟಿನ ಖೋಟಾ ಪ್ರತಿಯನ್ನು ‘ಸಂಗ್ರಹಕ್ಕೆ’ ಎಂದು ಕೊಳ್ಳಲು ಹೋಗಬಾರದು. ಭಾರತೀಯ ನ್ಯಾಯ ಸಂಹಿತೆಯ 178ರಿಂದ 182ರವರೆಗಿನ ಕಲಮುಗಳು ಇದರ ಸುತ್ತಲೇ ಇವೆ. 2016ರಲ್ಲಿ ರದ್ದಾದ 500, 1000ದ ನೋಟುಗಳನ್ನು ಅಧ್ಯಯನಕ್ಕೆ, ಸಂಗ್ರಹಕ್ಕೆ ಇಟ್ಟುಕೊಳ್ಳುವವರಿಗೂ 2017ರ ಕಾಯ್ದೆ ಕೊಟ್ಟ ಮಿತಿ 25 ನೋಟು. ಇನ್ನು ‘ನಿಮ್ಮ ಹಳೇ ನೋಟಿಗೆ ಲಕ್ಷಗಟ್ಟಲೆ, ಮೊದಲು ಕಮಿಷನ್ ಕಟ್ಟಿ’ ಎಂದು ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಬರುವ ಕರೆ ಶುದ್ಧ ವಂಚನೆ. 2021ರ ಆಗಸ್ಟ್‌ನಲ್ಲಿ ಬ್ಯಾಂಕೇ ಹಾಗೆಂದು ಎಚ್ಚರಿಸಿದೆ.

ಇಷ್ಟೆಲ್ಲ ಹೇಳಿಯೂ ಒಂದು ಉಪಕರಣ ಉಳಿಯಿತು, ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಉಪಯೋಗದ್ದು: ಅದೇ ಸರಣಿಯ, ಅನುಮಾನಕ್ಕೆ ಎಡೆಯಿಲ್ಲದ ಒಂದು ಮಾಮೂಲಿ ಸವೆದ ನೋಟು. ಕಾಗದದ ದಪ್ಪ, ದಾರದ ಜಾಗ, ಅಂಕಿಯ ಆಕಾರ, ಅಳತೆ ಎಲ್ಲವನ್ನೂ ಪಕ್ಕದಲ್ಲಿಟ್ಟು ಹೋಲಿಸಬಹುದು. ಜಾರ್ಜ್ ನೋಟು ನೋಡಲು ಹೋಗುವ ಭಾನುವಾರಗಳಲ್ಲಿ ನನ್ನ ಜೇಬಿನಲ್ಲೂ ಒಂದಿರುತ್ತದೆ. ಹತ್ತು ರೂಪಾಯಿಯದು. ಬಿಳಿ ಜಾಗದಲ್ಲಿ ಮಡಿಕೆಯೊಳಕ್ಕೆ ಇಳಿದ ಎರಡು ಸಾಲು ಅಕ್ಷರ ಬಿಟ್ಟರೆ ಮಿಕ್ಕಿದ್ದೆಲ್ಲ ಅಸಲಿಯಲ್ಲವೇ! ಕೊಟ್ಟ ದುಡ್ಡು ಅಂತೂ ಪೂರ್ತಿ ನೀರಿಗೆ ಹೋಗಲಿಲ್ಲ.